ಹದದ ವಿಚಾರ

ಕನ್ನಡದಲ್ಲಿ 'ಹದ' ಎಂಬುದೊಂದು ಮಾತಿದೆ. ಎರಡಕ್ಷರದ ಚಿಕ್ಕ ಮಾತು. ಆದರೆ ಅದರ ವ್ಯಾಪ್ತಿ ಬಹು ದೊಡ್ಡದು. ಒಕ್ಕಲಿಗನು ಮಳೆ ಬಿದ್ದ ಮರುದಿನ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, ಉಳುವುದಕ್ಕೆ ಹದವಾಗಿದೆಯೋ ಇಲ್ಲವೋ ಎಂಬುದನ್ನು ಹೇಳುತ್ತಾನೆ. ಗೃಹಿಣಿಯು ಬೆಲ್ಲದ ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು ಅದರ ಹದವನ್ನು ತಿಳಿಯುತ್ತಾಳೆ. ಕಮ್ಮಾರನು ಕುಡುಗೋಲಿಗೆ ಹದ ಕೊಡುತ್ತಾನೆ; ಚಮ್ಮಾರನು ತೊಗಲನ್ನು ಹದ ಮಾಡುತ್ತಾನೆ. ಅತಿಯಾದರೂ ಹದ ಕೆಡುತ್ತದೆ, ಕೊರತೆಯಾದರೂ ಕೆಡುತ್ತದೆ. ಹಾಗೆಂದು ಅತಿಗೂ ಕೊರತೆಗೂ ನಡುವೆ ಅಳೆದು ಗೀಟು ಹಾಕಿದರೆ ಸಿಕ್ಕುವಂಥದೂ ಅಲ್ಲ ಅದು. ಒಂದು ಕೆಲಸಕ್ಕೆ, ಒಂದು ಹೊತ್ತಿಗೆ, ಒಂದು ಸ್ಥಳಕ್ಕೆ ಸಲ್ಲತಕ್ಕ ಸ್ಥಿತಿ ಯಾವುದೋ ಅದೇ ಹದ. ನಮ್ಮ ಹಿರಿಯರು ಬಾಳಿನ ವಿಷಯದಲ್ಲಿಯೂ ಇದೇ ಮಾತನ್ನು ಬಳಸಿದುದು ಸುಮ್ಮನೆ ಅಲ್ಲವೆಂದು ತೋರುತ್ತದೆ.

ಈ ಮಾತನ್ನು ಕುರಿತು ನಾನು ನಿಜವಾಗಿ ಯೋಚಿಸುವಂತೆ ಮಾಡಿದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ. ಬೆಂಗಳೂರಿನ ಬನಶಂಕರಿ ಎರಡನೆಯ ಹಂತದ ಒಂದು ಅಡ್ಡರಸ್ತೆಯಲ್ಲಿರುವ ಮೋಟಾರು ಸೈಕಲ್ ದುರಸ್ತಿಯ ಅಂಗಡಿ. ವಿಷಯವು ಸಾಹಿತ್ಯದ ಪುಟಗಳಿಗೆ ಒಗ್ಗದ್ದೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಅಂಥವರು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕೆಂದು ಬೇಡುತ್ತೇನೆ.

ನನ್ನದು 2004ರಲ್ಲಿ ಕೊಂಡ ನೂರು ಸಿ.ಸಿ.ಯ ಬಂಡಿ. ಅದಕ್ಕೆ ಕಾರ್ಬ್ಯುರೇಟರು ಉಂಟು. ವರ್ಷಕ್ಕೆ ಒಂದೆರಡು ಸಲ ಅದನ್ನು ಬಿಚ್ಚಿ ತೊಳೆಸಿ ಸರಿಮಾಡಿಸುವುದು ರೂಢಿ. ಹಾಗೆ ಹೋದಾಗಲೆಲ್ಲ ಆ ಅಂಗಡಿಯಾತನು ತಿರುಪುಳಿಯನ್ನು ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆಯನ್ನು ಕೇಳುತ್ತಾನೆ: "ಪಿಕಪ್ ಬೇಕೋ, ಮೈಲೇಜ್ ಬೇಕೋ?" ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಯಾವ ಅಂಗಡಿಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಅದರಲ್ಲಿ ಒಂದು ನೀತಿಶಾಸ್ತ್ರವೇ ಅಡಗಿದೆಯೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಮೊದಲು ಯಂತ್ರದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವೆನು. ಕಾರ್ಬ್ಯುರೇಟರಿನ ಕೆಲಸ ಗಾಳಿಯನ್ನೂ ಪೆಟ್ರೋಲನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಎಂಜಿನಿಗೆ ಕೊಡುವುದು. ಅದರ ಅಡಿಯಲ್ಲಿ ಒಂದು ಪುಟ್ಟ ಬಟ್ಟಲು. ಅದರೊಳಗೆ ಪೆಟ್ರೋಲಿನ ಮಟ್ಟವನ್ನು ಕಾಯುವ ತೇಲುಬೆಂಡು. ಮೇಲೆ ಗಾಳಿ ಹಾಯುವ ನಾಳ. ಆ ನಾಳವು ನಡುವೆ ಸೊಂಟದಂತೆ ಕಿರಿದಾಗಿದೆ. ಕಿರಿದಾದ ಎಡೆಯಲ್ಲಿ ಹರಿವಿನ ವೇಗ ಹೆಚ್ಚಿ ಒತ್ತಡ ಕುಗ್ಗುತ್ತದೆಂಬುದನ್ನು ಇಟಲಿಯ ವೆಂಚುರಿ ಎಂಬ ವಿದ್ವಾಂಸನು 1797ರಲ್ಲಿ ಪ್ರಕಟಿಸಿದನು. ಒತ್ತಡ ಕುಗ್ಗಿದೆಡೆಗೆ ಬಟ್ಟಲಿನ ಪೆಟ್ರೋಲು ಜೆಟ್ ಎಂಬ ಹಿತ್ತಾಳೆಯ ಸೂಕ್ಷ್ಮರಂಧ್ರದ ಮೂಲಕ ತಾನಾಗಿ ಮೇಲೇರಿ ತುಂತುರಾಗುತ್ತದೆ. ಎಣ್ಣೆಯನ್ನು ಯಾರೂ ತಳ್ಳಬೇಕಾದುದಿಲ್ಲ. ಗಾಳಿಯೇ ಅದನ್ನು ಕರೆದುಕೊಳ್ಳುತ್ತದೆ.

ಒಂದು ತೂಕ ಪೆಟ್ರೋಲು ಲೆಕ್ಕಕ್ಕೆ ಸರಿಯಾಗಿ ಉರಿಯಬೇಕಾದರೆ ಸುಮಾರು 14.7 ತೂಕ ಗಾಳಿ ಬೇಕು. ಗಾಳಿಯನ್ನು ಹನ್ನೆರಡೂವರೆ ಹದಿಮೂರಕ್ಕೆ ಇಳಿಸಿದರೆ ಎಂಜಿನಿನ ಬಲ ಹೆಚ್ಚುತ್ತದೆ. ಇದು ಅಂಗಡಿಯಾತನ 'ಪಿಕಪ್'. ಹದಿನೈದು ಹದಿನಾರಕ್ಕೆ ಏರಿಸಿದರೆ ಎಣ್ಣೆ ಉಳಿಯುತ್ತದೆ. ಇದು ಅವನ 'ಮೈಲೇಜ್'. ಇವೆರಡರಲ್ಲಿಯೂ ಮಿತಿಮೀರಿದರೆ ಯಂತ್ರಕ್ಕೆ ಕೇಡು. ಎಣ್ಣೆ ಅತಿಯಾದರೆ ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿದು ಕಪ್ಪಾಗುತ್ತದೆ, ಬಂಡಿ ಉಸಿರುಕಟ್ಟಿದಂತೆ ಕೆಮ್ಮುತ್ತದೆ. ಎಣ್ಣೆ ತೀರ ಕಡಿಮೆಯಾದರೆ ಕಾವು ಏರಿ ಪ್ಲಗ್ಗು ಸುಣ್ಣದಂತೆ ಬೆಳ್ಳಗಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ದಿಗಳ 250 ಸಿ.ಸಿ. ಬಂಡಿಗಳನ್ನು ಇಟ್ಟುಕೊಂಡಿದ್ದವರು ಈ ಎರಡನೆಯ ಅಪಾಯವನ್ನು ಚೆನ್ನಾಗಿ ಬಲ್ಲರು. ಅವುಗಳಲ್ಲಿ ಎಂಜಿನಿಗೆ ಜಿಡ್ಡನ್ನು ಕೊಡುವ ಎಣ್ಣೆಯೂ ಪೆಟ್ರೋಲಿನೊಡನೆಯೇ ಬೆರೆತು ಹೋಗತಕ್ಕದ್ದು. ಪೆಟ್ರೋಲನ್ನು ಜಿಪುಣತನದಿಂದ ಕಡಿದವನು ಜಿಡ್ಡನ್ನೂ ಕಡಿದಂತಾಗಿ, ಪಿಸ್ಟನ್ನು ಕಚ್ಚಿಕೊಂಡು ನಡುದಾರಿಯಲ್ಲಿ ನಿಲ್ಲುತ್ತಿದ್ದನು. ಹದವಾಗಿ ಉರಿದ ಪ್ಲಗ್ಗಿನ ಬಣ್ಣವು ಹುರಿದು ಪುಡಿಮಾಡಿದ ಕಾಫಿಯ ಬಣ್ಣವೆಂದು ಅಂಗಡಿಯ ಹಿರಿಯರು ಹೇಳುತ್ತಾರೆ. ಗಾಂಧಿಬಜಾರಿನ ಕಾಫಿಯನ್ನು ಕುಡಿದು ಬೆಳೆದ ನಮ್ಮ ಭಾಗದ ಜನಕ್ಕೆ ಬೇರೆ ಉಪಮಾನ ಬೇಕಾಗಿಲ್ಲ.

ಇನ್ನೊಂದು ಸಂಗತಿಯುಂಟು. ಒಂದೂರಿನ ಹದ ಇನ್ನೊಂದೂರಿಗೆ ಸಲ್ಲದು. ಬೆಂಗಳೂರು ಸಮುದ್ರಮಟ್ಟಕ್ಕೆ ಸುಮಾರು 920 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕಡಲತೀರದ ಗಾಳಿಗಿಂತ ನೂರಕ್ಕೆ ಎಂಟು ಒಂಬತ್ತರಷ್ಟು ತೆಳುವು. ಮಂಗಳೂರಿನಲ್ಲಿ ಸರಿಯಾಗಿದ್ದ ಜೆಟ್ಟು ಇಲ್ಲಿ ತುಸು ಹೆಚ್ಚಿನ ಎಣ್ಣೆಯನ್ನು ಕೊಡುತ್ತದೆ. ಇಲ್ಲಿ ಹದಗೊಳಿಸಿದ ಬಂಡಿ ಶಿರಾಡಿ ಘಾಟಿಯನ್ನಿಳಿದು ಮಂಗಳೂರು ಸೇರುವಷ್ಟರಲ್ಲಿ ತುಸು ಹಸಿದಿರುತ್ತದೆ. ಹಾಗೆಯೇ ಒಂದು ಯಂತ್ರದ ಹದ ಇನ್ನೊಂದಕ್ಕೆ ಸಲ್ಲದು. ನನ್ನ ಬಂಧುಗಳಲ್ಲಿ ಒಬ್ಬ ತರುಣನು ಕನಕಪುರ ರಸ್ತೆಯಾಚೆಯ ತಮ್ಮ ತೋಟದಲ್ಲಿ ಓಡಿಸುವುದಕ್ಕೆ 110 ಸಿ.ಸಿ.ಯ ನಾಲ್ಕು ಚಕ್ರದ ಚಿಕ್ಕ ಎ.ಟಿ.ವಿ. ಬಂಡಿಯೊಂದನ್ನು ಇಟ್ಟುಕೊಂಡಿದ್ದಾನೆ. ಅದರ ಕಾರ್ಬ್ಯುರೇಟರಿನ ಬಾಯಿ 19 ಮಿಲಿಮೀಟರಿನದು. ಬಾಯಿ ಹಿರಿದಾದರೆ ಬಲ ಹೆಚ್ಚುವುದೆಂದು ನಂಬಿ 26 ಮಿಲಿಮೀಟರಿನದೊಂದನ್ನು ತಂದು ಕೂಡಿಸಿದನು. ಬಂಡಿ ಮೊದಲಿಗಿಂತ ಮಂದವಾಯಿತು. ಎಂಜಿನಿನ ಎದೆಯಲ್ಲಿರುವ ಉಸಿರು ಅಷ್ಟೇ. ಅಗಲವಾದ ನಾಳದಲ್ಲಿ ಆ ಉಸಿರಿನ ವೇಗ ಕುಗ್ಗಿ, ಎಣ್ಣೆಯನ್ನು ಕರೆಯುವ ಶಕ್ತಿ ಅದಕ್ಕೆ ಸಾಲದೆ ಹೋಯಿತು. ತಿಂಗಳು ಕಳೆಯುವ ಮುನ್ನ ಆತನು ಹಳೆಯ ಬಾಯಿಯನ್ನೇ ತಿರುಗಿ ಹಾಕಿಸಿದನು.

ಇಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನವು ಮಿತವಾಗಿರು, ನಿನ್ನ ಶಕ್ತಿಯನ್ನು ಅರಿತು ನಡೆ ಎಂಬ ಹಳೆಯ ಉಪದೇಶಕ್ಕೆ ಹೊಸದೊಂದು ದೃಷ್ಟಾಂತವಾಗುತ್ತಿತ್ತು. ಉಪದೇಶ ಸುಳ್ಳಲ್ಲ. ಆದರೆ ಅದು ಅಪೂರ್ಣವೆಂಬುದನ್ನು ನನ್ನ ಬಂಡಿಯೇ ನನಗೆ ಕಲಿಸಿತು. ಅದನ್ನು ಹೇಳುವುದಕ್ಕೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಅಂಗಡಿಯಾತನ ಪ್ರಶ್ನೆಗೆ ನಾನು "ಪಿಕಪ್" ಎಂದೆ. ದೇವಗಿರಿಯ ಏರಿನಲ್ಲಿ ಹುಡುಗರು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದುದು ನನಗೆ ಸಹನೆಯಾಗಿರಲಿಲ್ಲ. ಆತನು ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ, ಸೂಜಿಯನ್ನು ಒಂದು ಕಚ್ಚು ಮೇಲೆತ್ತಿ, ಬದಿಯ ತಿರುಪನ್ನೂ ಅದಕ್ಕೆ ತಕ್ಕಂತೆ ತಿರುಗಿಸಿದನು. ಬಂಡಿ ಚಿಗರೆಯಂತಾಯಿತು. ಹೊಗೆಯ ತಪಾಸಣೆಯ ದಿನ ಬಂದಾಗ ಮಾತ್ರ ಒಂದು ತೊಡಕು. ನನ್ನ ಬಂಡಿಯಂಥವುಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು ನೂರಕ್ಕೆ 3.5 ಭಾಗವನ್ನು ಮೀರಕೂಡದು, ಉರಿಯದೆ ಉಳಿದ ಹೈಡ್ರೋಕಾರ್ಬನ್ನುಗಳು ಹತ್ತು ಲಕ್ಷದಲ್ಲಿ 4,500 ಭಾಗವನ್ನು ಮೀರಕೂಡದು ಎಂಬುದು ನಿಯಮ. ತಪಾಸಣೆಯವರು ಹೊಗೆಕೊಳವೆಗೆ ಕಡ್ಡಿಯನ್ನು ತೂರಿ ಅಳೆಯುವುದು ಬಂಡಿ ನಿಂತಲ್ಲೇ ಮೆಲ್ಲಗೆ ಗುಣುಗುಟ್ಟುತ್ತಿರುವಾಗ. ಆ ಸ್ಥಿತಿಯಲ್ಲಿ ಮಿಶ್ರಣವನ್ನು ಆಳುವುದು ಬದಿಯ ಪುಟ್ಟ ತಿರುಪು. ಮುಖ್ಯ ಜೆಟ್ಟಿನ ಆಳ್ವಿಕೆ ಬಂಡಿ ಓಡತೊಡಗಿದ ಮೇಲೆ. ಆದುದರಿಂದ ತಪಾಸಣೆಗೆ ಮುಂಚೆ ತಿರುಪನ್ನು ಅರ್ಧ ಸುತ್ತು ತಿರುಗಿಸುವುದು, ಚೀಟಿ ಕೈಗೆ ಬಂದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸುವುದು! ನಾನು ಹೀಗೆಯೇ ಹಲವು ಸಲ ಮಾಡಿಸಿದೆ. ಚೀಟಿಯಲ್ಲಿ ನಾನು ನಿರ್ದೋಷಿ. ನಾಲ್ಕು ರಸ್ತೆ ದಾಟಿದ ಮೇಲೆ ನನ್ನ ಹೊಗೆಗೂ ಆ ಚೀಟಿಗೂ ಸಂಬಂಧವಿರಲಿಲ್ಲ.

ನಾನಿರುವ ಮನೆಯ ಕೆಳಭಾಗದಲ್ಲಿ ವೃದ್ಧರೊಬ್ಬರು ಇದ್ದಾರೆ. ಅವರಿಗೆ ಉಬ್ಬಸ. ಬಂಡಿಯನ್ನು ನಿಲ್ಲಿಸುವ ಎಡೆಗೆ ಎದುರಾಗಿ ಅವರ ಕೋಣೆಯ ಕಿಟಕಿ. ಅವರು ಒಂದು ದಿನವೂ ನನಗೆ ಒಂದು ಮಾತನ್ನು ಅಂದವರಲ್ಲ. ಕಂಡಾಗಲೆಲ್ಲ ನಗುಮುಖದಿಂದ ಕ್ಷೇಮಸಮಾಚಾರವನ್ನು ಕೇಳುವವರು. ನಾನು ಬೆಳಿಗ್ಗೆ ಎಂಟೂವರೆಗೆ ಹೊರಡುವವನು. ಒಂದು ದಿನ ಏನೋ ಕಾರಣದಿಂದ ಐದು ನಿಮಿಷ ಮುಂಚೆ ಕೆಳಗಿಳಿದು ನಿಂತಿದ್ದೆ. ಎಂಟು ಇಪ್ಪತ್ತೈದಕ್ಕೆ ಸರಿಯಾಗಿ ಆ ಕಿಟಕಿಯ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಂಡವು. ಮರುದಿನ ಬೇಕೆಂದೇ ಗಮನಿಸಿದೆ. ಅದೇ ಹೊತ್ತಿಗೆ ಮುಚ್ಚಿತು. ಭಾನುವಾರ, ನಾನು ಎಲ್ಲಿಗೂ ಹೋಗದ ದಿನ, ಮಧ್ಯಾಹ್ನದವರೆಗೂ ತೆರೆದೇ ಇತ್ತು. ಅವರು ತಮ್ಮ ಉಸಿರನ್ನು ನನ್ನ ವೇಳಾಪಟ್ಟಿಗೆ ಹೊಂದಿಸಿಕೊಂಡಿದ್ದರು. ಎಷ್ಟು ಕಾಲದಿಂದ ಹೀಗೆ ನಡೆದಿತ್ತೋ ಅರಿಯೆ.

ಆಗ ಅಂಗಡಿಯಾತನ ಪ್ರಶ್ನೆ ನನಗೆ ಬೇರೆಯಾಗಿ ಕೇಳಿಸಿತು. ಪಿಕಪ್ಪು ನನ್ನ ಜಂಬಕ್ಕೆ. ಮೈಲೇಜು ನನ್ನ ಜೇಬಿಗೆ. ಎರಡೂ ನನ್ನವೇ. ನನ್ನ ಎರಡು ಆಶೆಗಳನ್ನು ಪರಸ್ಪರ ತೂಗಿ ಅವುಗಳ ನಡುವೆ ಒಂದು ರಾಜಿಯನ್ನು ಮಾಡಿಕೊಂಡು, ಅದಕ್ಕೆ 'ಹದ'ವೆಂಬ ಒಳ್ಳೆಯ ಹೆಸರನ್ನಿಟ್ಟಿದ್ದೆ. ಆ ತೂಕದಲ್ಲಿ ಪಾಲುಗೊಳ್ಳಬೇಕಾದ ಮೂರನೆಯವನೊಬ್ಬನು ಅಂಗಡಿಯ ಬಳಿ ಇರಲಿಲ್ಲ. ಅವನು ಕಿಟಕಿಯ ಹಿಂದೆ ಇದ್ದನು; ಸಿಗ್ನಲ್ಲಿನಲ್ಲಿ ನನ್ನ ಹಿಂದೆ ನಿಂತ ಸೈಕಲ್ಲಿನ ಮೇಲಿದ್ದನು; ತಾಯಿಯ ಕಂಕುಳಲ್ಲಿ ರಸ್ತೆ ದಾಟುತ್ತಿದ್ದನು. ನನ್ನ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಆಸಕ್ತಿಯಿಂದ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಅದರ ಲೆಕ್ಕವನ್ನು ಆ ಮೂರನೆಯವನು ತೆರುತ್ತಿದ್ದನು.

ಇದಕ್ಕೆ ಹೇಳಬಹುದಾದ ಆಕ್ಷೇಪಗಳು ನನಗೂ ತೋರದೆ ಹೋಗಲಿಲ್ಲ. ಒಂದು ಬಂಡಿಯ ಹೊಗೆ ಎಷ್ಟರದು? ಇಷ್ಟು ದೊಡ್ಡ ನಗರದಲ್ಲಿ ನನ್ನ ಅರ್ಧ ಸುತ್ತಿನ ತಿರುಪಿನಿಂದ ಆಗುವುದೇನು, ಹೋಗುವುದೇನು? ಈ ವಾದವು ಮೇಲುನೋಟಕ್ಕೆ ಬಲವಾಗಿದೆ. ಆದರೆ ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ಸಂಜೆಯ ಹೊತ್ತು ನಿಂತವರು ಅದನ್ನು ಅಲ್ಲಿ ಮತ್ತೊಮ್ಮೆ ಹೇಳಿ ನೋಡಬೇಕು. ಅಲ್ಲಿ ಯಾರ ಹೊಗೆಯೂ ದೊಡ್ಡದಲ್ಲ, ಪ್ರತಿಯೊಬ್ಬನದೂ ಅಲ್ಪ. ಅಲ್ಪವೆಂದು ಒಂದೊಂದನ್ನೂ ಕಳೆಯುತ್ತ ಬಂದರೆ ಕೊನೆಗೆ ಅಲ್ಲಿ ಹೊಗೆಯೇ ಇರಬಾರದು. ಆದರೆ ಇದೆ; ಗಾಳಿಯ ಮಾಲಿನ್ಯವನ್ನು ಅಳೆಯುವ ಕೇಂದ್ರವನ್ನೇ ಅಲ್ಲಿ ಇಡಬೇಕಾಗಿ ಬಂದಿದೆ. ಅಲ್ಲದೆ ನಗರಕ್ಕೆ ಅಲ್ಪವಾದುದು ಒಂದು ಕಿಟಕಿಗೆ ಅಲ್ಪವಲ್ಲ. ನಾವು ಮಾಡುವ ಕೇಡು ನಗರದ ಮೇಲೆ ಸಮನಾಗಿ ಹರಡುವುದೆಂಬುದು ನಮ್ಮ ಸಮಾಧಾನ. ಅದು ಮೊದಲು ತಲಪುವುದು ಹತ್ತಿರದವನನ್ನು.

ಕಾನೂನು ಒಪ್ಪಿದ ಮೇಲೆ ನನ್ನನ್ನು ಕೇಳತಕ್ಕವರು ಯಾರು ಎಂಬುದು ಎರಡನೆಯ ಮಾತು. ಕಾನೂನು ನನ್ನನ್ನು ನಿಲ್ಲಿಸಿ ಅಳೆಯುತ್ತದೆ. ಮನುಷ್ಯನು ನಿಂತಾಗ, ನೋಡುವವರು ಎದುರಿಗಿದ್ದಾಗ, ಸಾಮಾನ್ಯವಾಗಿ ಸಭ್ಯನೇ. ಅವನ ಗುಣ ತಿಳಿಯುವುದು ಅವನು ವೇಗವಾಗಿ ಹೋಗುತ್ತಿರುವಾಗ. ಪರೀಕ್ಷೆಗೆಂದು ಒಂದು ಹದವನ್ನೂ ದಾರಿಗೆಂದು ಇನ್ನೊಂದು ಹದವನ್ನೂ ಇಟ್ಟುಕೊಂಡವನು ಕಾನೂನನ್ನು ಪಾಲಿಸಿದವನಾಗುವುದಿಲ್ಲ. ಅದರ ಕಣ್ಣನ್ನು ಅರಿತವನಾಗುತ್ತಾನೆ, ಅಷ್ಟೆ.

ಮೂರನೆಯದು ಬಡವನ ಪ್ರಶ್ನೆ. ಇದು ನಿಜವಾಗಿ ಕಠಿಣವಾದುದು. ಹಳೆಯ ಬಂಡಿಯ ಮೇಲೆ ಮನೆಮನೆಗೆ ಊಟವನ್ನು ಮುಟ್ಟಿಸಿ ದಿನದ ಕೂಲಿಯನ್ನು ಸಂಪಾದಿಸುವವನಿಗೆ, ನಿನ್ನ ಕಾರ್ಬ್ಯುರೇಟರು ಹಳತಾಯಿತು, ಹೊಸದನ್ನು ಹಾಕಿಸು ಎಂದು ನಾನು ಹೇಳಬಹುದೇ? ಹೇಳಲಾರೆ. ಅವನ ಹೊಗೆಯೂ ಹೊಗೆಯೇ. ಆದರೆ ಅದರ ಹಿಂದೆ ಅವನ ಮಕ್ಕಳ ಅನ್ನವಿದೆ. ನನ್ನ ಹೊಗೆಯ ಹಿಂದೆ ಇದ್ದದ್ದು ದೇವಗಿರಿಯ ಏರಿನಲ್ಲಿ ಹುಡುಗರಿಗಿಂತ ಮುಂದೆ ಹೋಗುವ ಚಪಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಬಡವನ ಹೆಸರಿನಲ್ಲಿ ನನ್ನ ಚಪಲಕ್ಕೂ ಕ್ಷಮೆಯನ್ನು ಪಡೆಯುವುದು ನ್ಯಾಯವಲ್ಲ. ತಿದ್ದಿಕೊಳ್ಳುವ ಶಕ್ತಿ ಯಾರಿಗೆ ಹೆಚ್ಚೋ ಹೊಣೆಯೂ ಅವರಿಗೆ ಹೆಚ್ಚು.

ಈಗ ಕಾಲವು ಬದಲಾಗುತ್ತಿದೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರು ಎಂಬ ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲ್ಲುಗಳಿಂದ ಕಾರ್ಬ್ಯುರೇಟರು ಬಹುಮಟ್ಟಿಗೆ ಮರೆಯಾಯಿತು. ಅವುಗಳಲ್ಲಿ ಎಣ್ಣೆಯನ್ನು ವಿದ್ಯುತ್ತಿನ ಸೂಚನೆಯಂತೆ ಚಿಮ್ಮಿಸುವ ವ್ಯವಸ್ಥೆಯಿದೆ. ಅದರ ಒಂದು ಅಂಗ ನನಗೆ ಬಹಳ ಹಿಡಿಸಿತು. ಹೊಗೆಯ ಹಾದಿಯಲ್ಲಿಯೇ ಒಂದು ಗ್ರಾಹಕವನ್ನು ಕೂಡಿಸಿದ್ದಾರೆ. ಅದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಕ್ಷಣಕ್ಷಣಕ್ಕೂ ನೋಡಿ ವರದಿ ಮಾಡುತ್ತದೆ, ಯಂತ್ರವು ಮುಂದಿನ ತುತ್ತನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ತಾನು ಹೊರಗೆ ಬಿಟ್ಟದ್ದನ್ನು ತಾನೇ ಪರೀಕ್ಷಿಸಿ ಒಳಗೆ ತೆಗೆದುಕೊಳ್ಳುವುದನ್ನು ನಿಯಮಿಸಿಕೊಳ್ಳುವ ಈ ಗುಣಕ್ಕೆ ಮನುಷ್ಯರಲ್ಲಿ ನಾವು ಮನಸ್ಸಾಕ್ಷಿಯೆಂದು ಹೆಸರಿಟ್ಟಿದ್ದೇವೆ.

ಹಾಗಾದರೆ ಇನ್ನು ಹದದ ಭಾರವೆಲ್ಲ ಯಂತ್ರಕ್ಕೆ ಹೋಯಿತು, ಮನುಷ್ಯನಿಗೆ ಬಿಡುಗಡೆಯಾಯಿತು ಎನ್ನಬಹುದೇ? ನನಗೆ ಹಾಗೆ ತೋರದು. ಆ ಗ್ರಾಹಕದ ವರದಿಯನ್ನು ತಿದ್ದಿ ಯಂತ್ರಕ್ಕೆ ಹೆಚ್ಚು ಎಣ್ಣೆ ಕುಡಿಸುವ ಪೆಟ್ಟಿಗೆಗಳೂ ಮಾರಾಟಕ್ಕೆ ಬಂದಿವೆ. 2015ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು ಒಪ್ಪಿಕೊಂಡ ಸಂಗತಿಯನ್ನು ಜಗತ್ತೆಲ್ಲ ಬಲ್ಲದು. ಅದರ ಸುಮಾರು ಒಂದು ಕೋಟಿ ಹತ್ತು ಲಕ್ಷ ಡೀಸೆಲ್ ಕಾರುಗಳಲ್ಲಿ, ಇದು ಪರೀಕ್ಷೆಯ ಹೊತ್ತು ಎಂಬುದನ್ನು ಗುರುತಿಸಿ ಆಗ ಮಾತ್ರ ಶುದ್ಧವಾಗಿ ಉಸಿರಾಡುವ ತಂತ್ರವು ಅಡಗಿತ್ತು. ವಾರ್ತೆಯನ್ನು ಓದಿದಾಗ ಎಂಥ ಮೋಸವೆಂದು ನಾನೂ ಬೆರಗಾಗಿದ್ದೆ. ಅದು ನನ್ನ ತಿರುಪಿನ ಕಥೆಯೇ, ಕೋಟಿಯ ಲೆಕ್ಕದಲ್ಲಿ, ಎಂಬುದು ಆಗ ನನಗೆ ಹೊಳೆಯಲಿಲ್ಲ.

ಕೊನೆಗೆ ನಾನು ಆ ಅಂಗಡಿಗೆ ಹೋಗಿ, ಪಿಕಪ್ಪೂ ಬೇಡ, ಮೈಲೇಜೂ ಬೇಡ, ಹೊಗೆ ಕಡಿಮೆಯಾಗುವಂತೆ ಮಾಡಿಕೊಡು ಎಂದೆ. ಆತನು ತಿರುಪುಳಿಯನ್ನು ಹಿಡಿದುಕೊಂಡೇ ನನ್ನ ಮುಖವನ್ನು ನೋಡಿದನು. "ಅದನ್ನು ಯಾರೂ ಕೇಳುವುದಿಲ್ಲ ಸ್ವಾಮಿ" ಎಂದನು. ಆದರೆ ಕೆಲಸವನ್ನು ಶ್ರದ್ಧೆಯಿಂದ ಮಾಡಿದನು. ಮೊದಲಿನ ಜೆಟ್ಟನ್ನೇ ಹುಡುಕಿ ಹಾಕಿದನು, ಸೂಜಿಯನ್ನು ಕೆಳಗಿಳಿಸಿದನು, ತಪಾಸಣೆಯವರ ಯಂತ್ರದ ಎದುರಿಗೇ ತಿರುಪನ್ನು ತಿರುಗಿಸಿ, ಅದನ್ನು ಅಲ್ಲಿಯೇ ಬಿಟ್ಟನು. ವಾರದ ಮೇಲೆ ಪ್ಲಗ್ಗನ್ನು ಬಿಚ್ಚಿ ತೋರಿಸಿದಾಗ ಅದರ ತುದಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಇದರಿಂದ ನಾನು ನಿರ್ದೋಷಿಯಾದೆನೆಂದು ಹೇಳಲಾರೆ. ಮಿಶ್ರಣದಲ್ಲಿ ಗಾಳಿ ಹೆಚ್ಚಿದಂತೆ ಮಾನಾಕ್ಸೈಡು ಇಳಿಯುತ್ತದೆ. ಆದರೆ ಗಾಳಿ ತುಸು ಮಿಗಿಲಾದೆಡೆಯಲ್ಲಿ ಸಾರಜನಕದ ಆಕ್ಸೈಡುಗಳು ತಲೆಯೆತ್ತುತ್ತವೆ, ಅವೂ ಉಬ್ಬಸದವರಿಗೆ ಹಿತವಲ್ಲ. ಉರಿಯುವ ಎಂಜಿನಿಗೆ ಯಾರಿಗೂ ಕೇಡಿಲ್ಲದ ಹದವೆಂಬುದು ಇಲ್ಲ. ಆದುದರಿಂದ ಜಯನಗರದ ನಾಲ್ಕನೆಯ ಬ್ಲಾಕಿನವರೆಗಿನ ಕೆಲಸಕ್ಕೆ ಈಗ ನಾನು ಬನಶಂಕರಿಯಲ್ಲಿ ಮೆಟ್ರೋ ಹತ್ತುತ್ತೇನೆ, ಇಲ್ಲವೆ ನಡೆಯುತ್ತೇನೆ. ದೇವಗಿರಿಯ ಏರಿನಲ್ಲಿ ಹುಡುಗರು ಮೊದಲಿನಂತೆಯೇ ನನ್ನನ್ನು ದಾಟಿ ಹೋಗುತ್ತಾರೆ.

ಕೆಳಮನೆಯ ಕಿಟಕಿ ಈಗಲೂ ಎಂಟು ಇಪ್ಪತ್ತೈದಕ್ಕೆ ಮುಚ್ಚುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ. ಆ ಹಿರಿಯರು ನನ್ನ ಜೆಟ್ಟನ್ನು ನೋಡಿದವರಲ್ಲ. ಹಲವು ವರ್ಷಗಳ ನನ್ನ ಹೊಗೆಯನ್ನು ನೋಡಿದವರು. ಬಂಡಿಯನ್ನು ಸರಿಮಾಡಿಸಿದ್ದೇನೆಂದು ಹೇಳಿ ಅವರ ಬಾಯಿಂದ ಒಂದು ಒಳ್ಳೆಯ ಮಾತನ್ನು ಪಡೆಯಬೇಕೆಂಬ ಆಶೆ ಒಮ್ಮೆ ಬಂದಿತ್ತು. ಅದೂ ಒಂದು ಬಗೆಯ ಪಿಕಪ್ಪೆಂದು ತೋರಿ ಸುಮ್ಮನಾದೆ. ಬಂಡಿ ಬೇಕೇ ಬೇಕಾದ ದಿನಗಳಲ್ಲಿ ಅದನ್ನು ರಸ್ತೆಯ ತಿರುವಿನವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಎಂಜಿನನ್ನು ಹೊರಡಿಸುತ್ತೇನೆ. ಹೊರಡಿಸುವ ಮುನ್ನ ಒಮ್ಮೆ ಸುತ್ತಲೂ ನೋಡುವುದು ಈಗ ಅಭ್ಯಾಸವಾಗಿದೆ. ಆ ತಿರುವಿನಲ್ಲಿಯೂ ಒಂದು ಕಿಟಕಿಯಿದೆ.